ಮೆಲ್ಬರ್ನ್‌ನ ಮೂರು ಪಟ್ಟಿಗಳು

ಅಡಿಲೇಡ್‌ನಲ್ಲಿ 36 ರನ್‌ಗೆ ಗಂಟುಮೂಟೆ ಕಟ್ಟಿ ಇನ್ನೂ ವಾರ ತುಂಬಿರಲಿಲ್ಲ. ವಿರಾಟ್ ಕೊಹ್ಲಿ ಚೊಚ್ಚಲ ಮಗುವಿನ ನಿರೀಕ್ಷೆಯಲ್ಲಿ ಮನೆಗೆ ಮರಳಿದ್ದರು. ಪ್ಯಾಟ್ ಕಮಿನ್ಸ್ ಚೆಂಡು ಬಡಿದು ಮೊಹಮ್ಮದ್ ಶಮಿಯ ಕೈಮೂಳೆ ಮುರಿದಿತ್ತು. 2020ರ ಡಿಸೆಂಬರ್ 25ರಂದು, ಪಂದ್ಯಕ್ಕೆ ಒಂದು ದಿನ ಇರುವಾಗಲೇ, ಭಾರತ ಮೆಲ್ಬರ್ನ್ ಟೆಸ್ಟ್‌ಗೆ ಹನ್ನೊಂದು ಹೆಸರು ಪ್ರಕಟಿಸಿತು. ಎಲ್ಲರೂ ಮೊದಲು ಹುಡುಕಿದ್ದು ಕೊಹ್ಲಿಯ ಜಾಗಕ್ಕೆ ಯಾರು ಎಂದು. ಆ ಜಾಗಕ್ಕೆ ಬಂದಿದ್ದವರು ರವೀಂದ್ರ ಜಡೇಜ.

ಕರ್ನಾಟಕದಲ್ಲಿ ಇದನ್ನು ಅರಗಿಸಿಕೊಳ್ಳುವುದು ಸುಲಭವಿರಲಿಲ್ಲ. ಕೆ.ಎಲ್. ರಾಹುಲ್ ತಂಡದ ಜೊತೆಯಲ್ಲೇ ಇದ್ದರು. ಬ್ಯಾಟರ್ ಹೋದರೆ ಬ್ಯಾಟರ್ ಬರಬೇಕು, ಅದರಲ್ಲೂ 36ಕ್ಕೆ ಆಲೌಟ್ ಆದ ತಂಡಕ್ಕೆ ಬೇಕಾದದ್ದು ಬ್ಯಾಟಿಂಗ್ ಅಲ್ಲವೇ ಎಂಬ ತರ್ಕ ಎದುರಿಗೇ ಕಾಣುತ್ತಿತ್ತು. ಮಾಡು ಸೋರಿದ ಕಡೆ ಹೆಂಚು ಹಾಕುವ ತರ್ಕ ಅದು. ಬಲಶಾಲಿ ತಂಡದ ಮನೆಯಂಗಳದಲ್ಲಿ ಆಡುವಾಗ ಹೆಚ್ಚಿನ ತಂಡಗಳು ಮಾಡುವುದೂ ಅದನ್ನೇ. ಒಬ್ಬ ಬೌಲರನ್ನು ಕಡಿಮೆ ಮಾಡಿ, ಒಬ್ಬ ಬ್ಯಾಟರನ್ನು ಸೇರಿಸಿ, ಸೋಲನ್ನು ನಾಲ್ಕನೇ ದಿನದಿಂದ ಐದನೇ ದಿನಕ್ಕೆ ದೂಡುವುದು. ಕೊಹ್ಲಿ ಬದಲು ನಾಯಕರಾದ ಅಜಿಂಕ್ಯ ರಹಾನೆ ಮತ್ತು ಕೋಚ್ ರವಿ ಶಾಸ್ತ್ರಿ ಮಾಡಿದ್ದು ಇದರ ತಿರುವುಮುರುವು. ತಂಡದ ಅತಿ ದೊಡ್ಡ ಬ್ಯಾಟರ್ ಇಲ್ಲದ ಹೊತ್ತಿನಲ್ಲಿ ಐದು ಬೌಲರ್‌ಗಳನ್ನು ಇಳಿಸಿದರು.

ತಂಡದ ಆಯ್ಕೆಯನ್ನು ನಾವು ಸಾಮಾನ್ಯವಾಗಿ ಪಂದ್ಯ ಮುಗಿದ ಮೇಲೆ ವಿಮರ್ಶಿಸುತ್ತೇವೆ. ಗೆದ್ದರೆ ದೂರದೃಷ್ಟಿ, ಸೋತರೆ ದಡ್ಡತನ. ಇದು ವಿಮರ್ಶೆ ಆಗುವುದಿಲ್ಲ, ಅಂಕಪಟ್ಟಿಯನ್ನು ಇನ್ನೊಮ್ಮೆ ಓದಿದ ಹಾಗಷ್ಟೆ. ಟಾಸ್‌ಗೆ ಮುಂಚೆ ನಾಯಕ ಒಪ್ಪಿಸುವ ಹಾಳೆಯನ್ನು ಆ ಬೆಳಿಗ್ಗೆ ಗೊತ್ತಿದ್ದ ಸಂಗತಿಗಳ ಬೆಳಕಿನಲ್ಲೇ ಓದಬೇಕು. ಎದುರಾಳಿಯ ಇಪ್ಪತ್ತು ವಿಕೆಟ್ ಕೀಳುವವರು ಯಾರು? ಅವರಲ್ಲಿ ಒಬ್ಬ ಕುಂಟಿದರೆ ಉಳಿದವರು ಸಾಕೇ? ಬ್ಯಾಟಿಂಗ್ ಕ್ರಮಾಂಕ ಎದುರಾಳಿ ಬೌಲರ್‌ಗೆ ಎಲ್ಲಿಯಾದರೂ ತಲೆನೋವು ಕೊಡುತ್ತದೆಯೇ? ಬಲಶಾಲಿ ತಂಡಕ್ಕೆ ಎಡವಿದರೂ ಸಾವರಿಸಿಕೊಳ್ಳುವ ಶಕ್ತಿ ಇರುತ್ತದೆ, ಆದ್ದರಿಂದ ಅದರ ಆಯ್ಕೆ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆದೀತು. ಎದುರಿಗಿರುವ ತಂಡಕ್ಕೆ ಆ ಸವಲತ್ತು ಇಲ್ಲ.

ಈ ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದರೆ ಅಡಿಲೇಡ್‌ನ ಪಟ್ಟಿಯಲ್ಲಿ ಆಗ ಯಾರೂ ಅಷ್ಟಾಗಿ ಮಾತಾಡದ ಒಂದು ದೋಷ ಕಾಣುತ್ತದೆ. ಶಾ, ಮಯಂಕ್, ಪೂಜಾರ, ಕೊಹ್ಲಿ, ರಹಾನೆ, ವಿಹಾರಿ, ಸಾಹಾ, ಅಶ್ವಿನ್, ಕೊನೆಗೆ ಮೂವರು ವೇಗಿಗಳು: ಹನ್ನೊಂದಕ್ಕೆ ಹನ್ನೊಂದೂ ಬಲಗೈ ಬ್ಯಾಟರ್‌ಗಳು. ಆಫ್ ಸ್ಟಂಪಿನ ಆಚೆ ಒಂದೇ ಜಾಗದಲ್ಲಿ ಚೆಂಡು ಹಾಕುತ್ತಾ ಕೂರಬಲ್ಲ ಹೇಜಲ್‌ವುಡ್‌ಗೆ ಮತ್ತು ಕಮಿನ್ಸ್‌ಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಕೆ? ಇಡೀ ಇನಿಂಗ್ಸ್‌ನಲ್ಲಿ ಅವರು ಸಾಲು ಬದಲಿಸಬೇಕಾಗಿಯೇ ಬರಲಿಲ್ಲ. ಎಂಟು ರನ್ ಕೊಟ್ಟು ಹೇಜಲ್‌ವುಡ್ ಐದು ವಿಕೆಟ್ ಕಿತ್ತರು, 21 ರನ್‌ಗೆ ಕಮಿನ್ಸ್ ನಾಲ್ಕು. ಆ ದಿನದ ದುರಂತಕ್ಕೆ ಇದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ಅಪ್ಪಟ ಬೌಲಿಂಗ್ ಅದು, ತಾಗಿದ ಅಂಚೆಲ್ಲ ಕೈಗೆ ಹೋದ ದಿನ. ಆದರೆ ಮೆಲ್ಬರ್ನ್‌ನಲ್ಲಿ ಸಾಹಾ ಬದಲಿಗೆ ರಿಷಭ್ ಪಂತ್, ಕೊಹ್ಲಿಯ ಬದಲಿಗೆ ಜಡೇಜ ಬಂದಾಗ ಮಧ್ಯಮ ಕ್ರಮಾಂಕದಲ್ಲಿ ಏಕಕಾಲಕ್ಕೆ ಇಬ್ಬರು ಎಡಗೈಯವರು ಕೂತರು. ನೇಥನ್ ಲಯನ್ ತನ್ನ ಕ್ಷೇತ್ರರಕ್ಷಣೆಯನ್ನು ಮತ್ತೆ ಮತ್ತೆ ಜರುಗಿಸುವಂತಾಯಿತು.

ಪಂತ್ ಆಯ್ಕೆಯ ಬೆಲೆಯನ್ನೂ ಹೇಳಬೇಕು. ಕೀಪಿಂಗ್‌ನಲ್ಲಿ ಸಾಹಾ ಅವರಿಗೆ ಪಂತ್ ಹೋಲಿಕೆಯೇ ಇಲ್ಲ. ಮುಂದೆ ಸಿಡ್ನಿಯಲ್ಲಿ ವಿಲ್ ಪುಕೊವ್‌ಸ್ಕಿಗೆ ಪಂತ್ ಎರಡೆರಡು ಜೀವದಾನ ಕೊಟ್ಟರು. ಅದೇ ಪಂದ್ಯದ ಕೊನೆಯ ದಿನ 97 ಹೊಡೆದರು. ಆಸ್ಟ್ರೇಲಿಯಾದ ಪಿಚ್‌ಗಳಲ್ಲಿ ಕೀಪರ್ ಹೆಚ್ಚು ಹೊತ್ತು ಸ್ಟಂಪಿನಿಂದ ದೂರ ನಿಲ್ಲುತ್ತಾನೆ. ತಿರುಗುವ ಚೆಂಡಿಗೆ ಸ್ಟಂಪಿಗಂಟಿ ನಿಂತು ಸಾಹಾ ತೋರುವ ಕೈಚಳಕಕ್ಕೆ ಅಲ್ಲಿ ಬೆಲೆ ಕಡಿಮೆ, ಏಳನೆಯವನ ರನ್ನಿಗೆ ಬೆಲೆ ಹೆಚ್ಚು. ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇದೇ ಲೆಕ್ಕ ಉಲ್ಟಾ ಆಗಬಹುದು.

ಇನ್ನು ಪಂದ್ಯ. ಮೊದಲ ದಿನ ಊಟದ ವಿರಾಮಕ್ಕೆ ಮುಂಚೆಯೇ ಅಶ್ವಿನ್ ಕೈಗೆ ಚೆಂಡು ಬಂತು, ಸ್ಟೀವ್ ಸ್ಮಿತ್ ಲೆಗ್ ಸೈಡಿನಲ್ಲಿ ಕಾದಿದ್ದ ಪೂಜಾರಗೆ ಕ್ಯಾಚ್ ಕೊಟ್ಟು ಸೊನ್ನೆಗೆ ಹೋದರು. ಹೊಸಬ ಮೊಹಮ್ಮದ್ ಸಿರಾಜ್‌ಗೆ ಚೆಂಡು ಸಿಕ್ಕಿದ್ದು ಊಟದ ನಂತರ. ಐದು ಬೌಲರ್‌ಗಳಿದ್ದರೆ ಹೊಸಬನನ್ನು ಹೀಗೆ ಕಾಯಿಸಿ, ಸರಿಯಾದ ಹೊತ್ತು ನೋಡಿ ಕರೆಯಬಹುದು. ನಾಲ್ವರೇ ಇದ್ದರೆ ಆ ಅನುಕೂಲ ಇರುವುದಿಲ್ಲ. ಸಿರಾಜ್ ಪಂದ್ಯದಲ್ಲಿ ಐದು ವಿಕೆಟ್ ಪಡೆದರು. ರಹಾನೆ 112 ಹೊಡೆದರು, ಜಡೇಜ 57, ಇಬ್ಬರ ಜೊತೆಯಾಟ 121. ಇವೆಲ್ಲ ಎಲ್ಲರಿಗೂ ನೆನಪಿರುವ ಸಂಗತಿ. ನನಗೆ ಇವಕ್ಕಿಂತ ಮುಖ್ಯವಾಗಿ ಕಾಣುವುದು ಎರಡನೇ ಇನಿಂಗ್ಸ್‌ನಲ್ಲಿ ಉಮೇಶ್ ಯಾದವ್ ನಾಲ್ಕನೇ ಓವರ್ ಮುಗಿಸಲಾಗದೆ ಮೀನಖಂಡ ಹಿಡಿದುಕೊಂಡು ಮೈದಾನ ಬಿಟ್ಟದ್ದು. ರಾಹುಲ್ ಆಡಿದ್ದರೆ ಅಲ್ಲಿಂದ ಮುಂದಕ್ಕೆ ಬುಮ್ರಾ, ಅಶ್ವಿನ್ ಮತ್ತು ಮೊದಲ ಟೆಸ್ಟ್ ಆಡುತ್ತಿದ್ದ ಒಬ್ಬ ವೇಗಿ ಮೂವರೇ ಉಳಿಯುತ್ತಿದ್ದರು. ಆಸ್ಟ್ರೇಲಿಯಾ 200ಕ್ಕೆ ಮುಗಿಯುತ್ತಿತ್ತೇ? ಹೇಳುವುದು ಕಷ್ಟ. ಜಡೇಜ ಆ ಇನಿಂಗ್ಸ್‌ನಲ್ಲಿ ಎರಡು ವಿಕೆಟ್ ಕಿತ್ತರು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು.

ಎದುರಿನ ಪಾಳಯವನ್ನೂ ಒಮ್ಮೆ ನೋಡೋಣ. ಆಸ್ಟ್ರೇಲಿಯಾ ಅಡಿಲೇಡ್‌ನ ಹನ್ನೊಂದು ಮಂದಿಯನ್ನೇ ಮೆಲ್ಬರ್ನ್‌ನಲ್ಲೂ ಇಳಿಸಿತು. ಕಮಿನ್ಸ್, ಸ್ಟಾರ್ಕ್, ಹೇಜಲ್‌ವುಡ್, ಲಯನ್ ನಾಲ್ಕೂ ಟೆಸ್ಟ್ ಆಡಿದರು. ಸಿಡ್ನಿಯಲ್ಲಿ 131 ಓವರ್‌ಗಳ ಕೊನೆಯ ಇನಿಂಗ್ಸ್ ಮುಗಿಸಿ, ವಾರದೊಳಗೆ ಬ್ರಿಸ್ಬೇನ್‌ಗೆ ಬಂದು ನಿಂತರು. ಗೆಲ್ಲುವ ತಂಡವನ್ನು ಕದಲಿಸಬಾರದು ಎಂಬ ನಂಬಿಕೆ ಬಲಶಾಲಿಗಳ ಮೂಢನಂಬಿಕೆ. ಸರಣಿಯ ಕೊನೆಯ ಸಂಜೆ ಪಂತ್ ಹೊಡೆದದ್ದು ದಣಿದ ಕೈಗಳ ಚೆಂಡುಗಳನ್ನು.

ಆ ಬ್ರಿಸ್ಬೇನ್ ತಂಡವನ್ನು ಧೈರ್ಯದ ಆಯ್ಕೆ ಎಂದು ಹೊಗಳುವುದು ರೂಢಿಯಾಗಿದೆ. ನಾನು ಒಪ್ಪುವುದಿಲ್ಲ. ಬುಮ್ರಾ, ಅಶ್ವಿನ್, ಜಡೇಜ, ವಿಹಾರಿ ಎಲ್ಲರೂ ಗಾಯಾಳುಗಳು. ನೆಟ್ಸ್‌ನಲ್ಲಿ ಚೆಂಡು ಹಾಕಲು ಬಂದ ನಟರಾಜನ್ ಟೆಸ್ಟ್ ಕ್ಯಾಪ್ ಹಾಕಿಕೊಂಡಾಗ ಅಲ್ಲಿ ಆಯ್ಕೆ ಎಂಬುದು ಉಳಿದಿರಲಿಲ್ಲ. ನಿಜವಾದ ಆಯ್ಕೆ ಇದ್ದದ್ದು ಒಂದೇ ಕಡೆ: ಟೆಸ್ಟ್ ತಂಡದಲ್ಲಿದ್ದ ಕುಲದೀಪ್ ಯಾದವ್ ಅವರನ್ನು ಬಿಟ್ಟು, ಬ್ಯಾಟಿಂಗ್ ಕೂಡ ಬರುತ್ತದೆಂದು ವಾಷಿಂಗ್ಟನ್ ಸುಂದರ್ ಅವರನ್ನು ತೆಗೆದುಕೊಂಡದ್ದು. ಅದು ಸಾಹಸಕ್ಕಿಂತ ಹೆಚ್ಚಾಗಿ ಎಚ್ಚರಿಕೆಯ ನಡೆ. 186ಕ್ಕೆ ಆರು ವಿಕೆಟ್ ಬಿದ್ದಾಗ ಸುಂದರ್ ಮತ್ತು ಶಾರ್ದೂಲ್ ಠಾಕೂರ್ 123 ರನ್ ಸೇರಿಸಿದ್ದರಿಂದ ಅದು ದಕ್ಕಿತು. ಹೊಗಳಬೇಕಾದ ಇನ್ನೊಂದು ಗುಂಪು ಹೊಗಳಿಕೆ ಸಿಗದೆ ಉಳಿಯಿತು. ಸಿರಾಜ್, ಸೈನಿ, ಪಂತ್, ಗಿಲ್ ಇದ್ದ ಪ್ರವಾಸದ ತಂಡವನ್ನು ಅಕ್ಟೋಬರ್‌ನಲ್ಲಿ ಆರಿಸಿದ್ದು ಗದಗದ ಸುನಿಲ್ ಜೋಶಿ ಅಧ್ಯಕ್ಷರಾಗಿದ್ದ ಸಮಿತಿ. ಮೆಲ್ಬರ್ನ್ ಟೆಸ್ಟ್ ಶುರುವಾಗುವಷ್ಟರಲ್ಲಿ ಆ ಕುರ್ಚಿಯಲ್ಲಿ ಚೇತನ್ ಶರ್ಮಾ ಇದ್ದರು.

ಇಷ್ಟೆಲ್ಲ ಹೇಳಿ ಐದು ಬೌಲರ್ ಎಂಬುದನ್ನು ಮಂತ್ರದಂತೆ ಜಪಿಸಬಹುದಿತ್ತು, ಆದರೆ ಅದೇ ಮೈದಾನದ 2018ರ ಪಟ್ಟಿ ಅಡ್ಡ ಬರುತ್ತದೆ. ಆಗ ಸರಣಿ 1–1. ಪರ್ತ್‌ನಲ್ಲಿ ಸ್ಪಿನ್ನರ್ ಇಲ್ಲದೆ ನಾಲ್ವರು ವೇಗಿಗಳನ್ನು ಇಳಿಸಿ, ಎದುರಾಳಿ ಸ್ಪಿನ್ನರ್ ಲಯನ್‌ಗೆ ಎಂಟು ವಿಕೆಟ್ ಒಪ್ಪಿಸಿ ಸೋತಾಗಿತ್ತು. ಮೆಲ್ಬರ್ನ್‌ಗೆ ಬಂದ ಭಾರತ ಇಬ್ಬರೂ ಆರಂಭಿಕರನ್ನು, ಮುರಳಿ ವಿಜಯ್ ಮತ್ತು ರಾಹುಲ್ ಅವರನ್ನು, ಕೈಬಿಟ್ಟು ಆರು ಬ್ಯಾಟರ್, ನಾಲ್ಕು ಬೌಲರ್ ಎಂದು ಆಡಿತು. ರಣಜಿಯಲ್ಲಿ ರನ್ನಿನ ರಾಶಿ ಹಾಕಿ ಕಾದಿದ್ದ ಮಯಂಕ್ ಅಗರವಾಲ್ ಕಡೆಗೂ ಒಳಬಂದರು, ಅದೂ ಗಾಯಗೊಂಡ ಪೃಥ್ವಿ ಶಾ ಜಾಗಕ್ಕೆ ವಿಮಾನ ಹತ್ತಿ ಬಂದು. ಮೊದಲ ಇನಿಂಗ್ಸ್‌ನಲ್ಲೇ 76. ಆದರೆ ಆ ಪಟ್ಟಿಯ ಜಾಣತನ ಇರುವುದು ಹನುಮ ವಿಹಾರಿಯನ್ನು ಆರಂಭಿಕನಾಗಿ ಕಳಿಸಿದ್ದರಲ್ಲಿ. ಅವರು ಹೊಡೆದದ್ದು ಎಂಟು ರನ್, ಎದುರಿಸಿದ್ದು 66 ಚೆಂಡು. ಅಂಕಪಟ್ಟಿಯಲ್ಲಿ ಅದು ವೈಫಲ್ಯ. ಹೊಸ ಚೆಂಡಿನ ಹೊಳಪು ಹೋದ ಮೇಲೆ ಪೂಜಾರ ಕ್ರೀಸಿಗೆ ಬಂದು 106 ಹೊಡೆದದ್ದರಲ್ಲಿ ಅದಕ್ಕೂ ಪಾಲಿದೆ. ಬುಮ್ರಾ 33 ರನ್‌ಗೆ ಆರು ವಿಕೆಟ್ ಕಿತ್ತರು. ಬೌಲರ್‌ಗಳು ನಾಲ್ವರಾದರೂ ನಾಲ್ವರೂ ವಿಕೆಟ್ ಕೀಳುವವರೇ ಆಗಿದ್ದರು.

ನಮ್ಮಲ್ಲಿ ಇದಕ್ಕೆ ಹಳೆಯ ಉದಾಹರಣೆಗಳಿವೆ. 1967ರ ಬರ್ಮಿಂಗ್‌ಹ್ಯಾಮ್ ಟೆಸ್ಟ್‌ನಲ್ಲಿ ನಾಯಕ ಪಟೌಡಿ ಅವರು ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಎಂಬ ನಾಲ್ವರು ಸ್ಪಿನ್ನರ್‌ಗಳನ್ನೂ ಒಟ್ಟಿಗೆ ಆಡಿಸಿದರು. ನಾಲ್ವರೂ ಒಟ್ಟಿಗೆ ಆಡಿದ ಏಕೈಕ ಟೆಸ್ಟ್ ಅದು. ಹೊಸ ಚೆಂಡು ಹಿಡಿದವರಲ್ಲಿ ಒಬ್ಬರು ಮೂಲ್ಕಿಯ ಬುಧಿ ಕುಂದೆರನ್, ವೃತ್ತಿಯಲ್ಲಿ ವಿಕೆಟ್ ಕೀಪರ್! ಕೇಳಿದರೆ ತಮಾಷೆ ಎನಿಸುತ್ತದೆ, ಆದರೆ ಇಲ್ಲದ ವೇಗಿಗಳನ್ನು ಇದ್ದಾರೆಂದು ನಟಿಸುವ ಬದಲು ಕೈಲಿದ್ದ ಬಲವನ್ನೇ ಪೂರ್ತಿ ಪಣಕ್ಕಿಟ್ಟ ಆಯ್ಕೆ ಅದು. ಇಂಗ್ಲೆಂಡ್ ಎರಡು ಸಲವೂ ಆಲೌಟ್ ಆಯಿತು. ಭಾರತ ಸೋತದ್ದು ಮೊದಲ ಇನಿಂಗ್ಸ್‌ನಲ್ಲಿ 92ಕ್ಕೆ ಉದುರಿ. ಸೋತ ಪಂದ್ಯದ ಒಳ್ಳೆಯ ಪಟ್ಟಿ ಎಂದರೆ ನನಗೆ ನೆನಪಾಗುವುದು ಅದೇ.

ನಾಲ್ಕು ವರ್ಷಗಳ ನಂತರ ವಿಜಯ್ ಮರ್ಚೆಂಟ್ ಅಧ್ಯಕ್ಷತೆಯ ಸಮಿತಿ ಮೂರು ವರ್ಷಕ್ಕೂ ಮೇಲೆ ತಂಡದ ಹೊರಗಿದ್ದ ಚಂದ್ರಶೇಖರ್ ಅವರನ್ನು ಇಂಗ್ಲೆಂಡ್‌ಗೆ ಕಳಿಸಿತು. ಆಗಷ್ಟೇ ಆಸ್ಟ್ರೇಲಿಯಾದಲ್ಲಿ ಆ್ಯಷಸ್ ಗೆದ್ದು ಬಂದಿದ್ದ ತಂಡದ ಮುಂದೆ, ಪೋಲಿಯೊದಿಂದ ಸೊರಗಿದ ಬಲಗೈಯ, ಒಂದು ದಿನ ಮಾಂತ್ರಿಕ ಇನ್ನೊಂದು ದಿನ ದುಬಾರಿ ಎನಿಸುವ ಬೌಲರ್. ಓವಲ್‌ನಲ್ಲಿ 38 ರನ್‌ಗೆ ಆರು ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. ಅದೇ ಸರಣಿಯಲ್ಲಿ ಪ್ರಸನ್ನ ಒಂದು ಟೆಸ್ಟ್ ಕೂಡ ಆಡಲಿಲ್ಲ. ಉಪನಾಯಕ ವೆಂಕಟರಾಘವನ್ ಅವರನ್ನು ಬಿಡುವ ಹಾಗಿರಲಿಲ್ಲ. ಇದನ್ನು ಅನ್ಯಾಯ ಎನ್ನುವವರಿಗೆ ನನ್ನ ತಕರಾರಿಲ್ಲ.

ಈಗ 2024ರ ಡಿಸೆಂಬರ್ 26. ಅದೇ ಮೆಲ್ಬರ್ನ್, ಸರಣಿ ಮತ್ತೆ 1–1. ಭಾರತ ಶುಭಮನ್ ಗಿಲ್ ಅವರನ್ನು ಕೈಬಿಟ್ಟು ಸುಂದರ್ ಅವರನ್ನು ಸೇರಿಸಿತು. ಬುಮ್ರಾ, ಸಿರಾಜ್, ಆಕಾಶ್ ದೀಪ್, ನಿತೀಶ್ ರೆಡ್ಡಿ, ಜಡೇಜ, ಸುಂದರ್ ಎಂದು ಬೆರಳು ಮಡಿಸಿದರೆ ಆರು ಬೌಲರ್. ಮೇಲ್ನೋಟಕ್ಕೆ 2020ರ ಪಟ್ಟಿಯ ಅಣ್ಣನಂತಿದೆ. ಒಳಗೆ ನೋಡಿದರೆ ಉದ್ದೇಶ ಬೇರೆ. ಸುಂದರ್ ಬಂದದ್ದು ಮುಖ್ಯವಾಗಿ ಕೆಳ ಕ್ರಮಾಂಕದ ಬ್ಯಾಟಿಂಗ್‌ಗೆ ಆಸರೆಯಾಗಿ. ನಿತೀಶ್ ಆಗ ಪೂರ್ಣ ಪ್ರಮಾಣದ ನಾಲ್ಕನೇ ವೇಗಿಯ ಹೊರೆ ಹೊರುವವರಾಗಿರಲಿಲ್ಲ. ಹೀಗೆ ಆರು ಬೌಲರ್‌ಗಳಿದ್ದೂ ಹೊರೆಯೆಲ್ಲ ಬುಮ್ರಾ ಬೆನ್ನಿಗೇ ಬಿತ್ತು. ಇದರ ಜೊತೆಗೆ ರೋಹಿತ್ ಶರ್ಮಾ ಆರಂಭಿಕ ಸ್ಥಾನಕ್ಕೆ ಮರಳಿದ್ದರಿಂದ, ಪರ್ತ್‌ನಲ್ಲಿ 77, ಬ್ರಿಸ್ಬೇನ್‌ನಲ್ಲಿ 84 ಹೊಡೆದು ಚೆನ್ನಾಗಿ ನೆಲೆ ಕಂಡುಕೊಂಡಿದ್ದ ರಾಹುಲ್ ಮೂರನೇ ಕ್ರಮಾಂಕಕ್ಕೆ ಸರಿದರು. ತಂಡದಲ್ಲಿ ಸರಿಯಾಗಿದ್ದ ಒಂದೆರಡರಲ್ಲಿ ಒಂದನ್ನು ಕೈಯಾರೆ ಕದಲಿಸಿದ ಹಾಗಾಯಿತು. ರಾಹುಲ್ ಗಳಿಸಿದ್ದು 24 ಮತ್ತು ಸೊನ್ನೆ.

ಈ ಪಟ್ಟಿಯನ್ನು ಸಮರ್ಥಿಸುವವರ ಬಳಿ ಒಳ್ಳೆಯ ಸಾಕ್ಷಿಯಿದೆ. 221ಕ್ಕೆ ಏಳು ವಿಕೆಟ್ ಹೋಗಿ ಫಾಲೋ ಆನ್ ಎದುರಿದ್ದಾಗ ನಿತೀಶ್ 114, ಸುಂದರ್ 50 ಹೊಡೆದು 127 ರನ್ ಕೂಡಿಸಿದರು. ಆಯ್ಕೆ ಮಾಡಿದವರು ಬಯಸಿದ್ದು ಅಕ್ಷರಶಃ ನಡೆಯಿತು. ಅಷ್ಟಾದರೂ ಭಾರತ 184 ರನ್‌ಗಳಿಂದ ಸೋತಿತು. ಏಕೆಂದರೆ ಆಸ್ಟ್ರೇಲಿಯಾ ಮೊದಲ ಸರದಿಯಲ್ಲಿ 474 ಕೂಡಿಹಾಕಿತ್ತು. ಎರಡನೇ ಸರದಿಯಲ್ಲಿ 91ಕ್ಕೆ ಆರು ವಿಕೆಟ್ ಬಿದ್ದಿದ್ದರೂ 234ರವರೆಗೆ ಎಳೆಯಿತು. ಲಯನ್ ಮತ್ತು ಬೋಲಂಡ್ ಎಂಬ ಕಟ್ಟಕಡೆಯ ಜೋಡಿಯನ್ನು ಮುರಿಯುವಷ್ಟು ತಾಜಾ ಕೈ ಭಾರತದಲ್ಲಿ ಇರಲಿಲ್ಲ. ಬುಮ್ರಾ ಪಂದ್ಯದಲ್ಲಿ ಒಂಬತ್ತು ವಿಕೆಟ್ ಕಿತ್ತರು. ಸಿಡ್ನಿಯ ಎರಡನೇ ದಿನ ಬೆನ್ನುನೋವಿನಿಂದ ಮೈದಾನ ಬಿಟ್ಟವರು ಆ ಪಂದ್ಯದಲ್ಲಿ ಮತ್ತೆ ಚೆಂಡು ಹಾಕಲಿಲ್ಲ.

ಮೆಲ್ಬರ್ನ್‌ನಲ್ಲಿ ಈ ಹೊತ್ತೆಲ್ಲ ಕರ್ನಾಟಕದ ವೇಗಿ ಪ್ರಸಿದ್ಧ್ ಕೃಷ್ಣ ಪೆವಿಲಿಯನ್‌ನಲ್ಲಿ ಕೂತಿದ್ದರು. ಆಕಾಶ್ ದೀಪ್ ಗಾಯಗೊಂಡಾಗ ಸಿಡ್ನಿಯಲ್ಲಿ ಜಾಗ ಸಿಕ್ಕಿತು, ಎರಡು ಇನಿಂಗ್ಸ್‌ಗಳಲ್ಲಿ ಮೂರು ಮೂರು ವಿಕೆಟ್ ಪಡೆದರು. ನಮ್ಮವರೆಂಬ ಮಮಕಾರದಿಂದ ಇದನ್ನೇ ಸಾಕ್ಷಿಯಾಗಿ ಎತ್ತಿಹಿಡಿಯುವುದು ಸುಲಭ. ಆದರೆ ಸಿಡ್ನಿಯ ಪಿಚ್ ವೇಗಿಗಳಿಗೆ ಕೈತುಂಬ ಕೊಟ್ಟಿತ್ತು, ಮೆಲ್ಬರ್ನ್ ಅಷ್ಟು ಧಾರಾಳವಿರಲಿಲ್ಲ. ಅಲ್ಲಿ ಅವರು ಆಡಿದ್ದರೆ ದುಬಾರಿಯೂ ಆಗಬಹುದಿತ್ತು. ನನ್ನ ಆಕ್ಷೇಪ ಅವರ ಆರು ವಿಕೆಟ್‌ಗಳನ್ನು ನೆಚ್ಚಿಕೊಂಡಿಲ್ಲ. ಮೂರು ಟೆಸ್ಟ್ ಆಡಿ ಬಂದಿದ್ದ ಬುಮ್ರಾಗೆ ಹೆಗಲು ಕೊಡುವ ಇನ್ನೊಬ್ಬ ವೇಗಿ ಬೇಕಿದೆ ಎಂಬುದು ಡಿಸೆಂಬರ್ 26ರ ಬೆಳಿಗ್ಗೆಯೇ ಕಾಣುತ್ತಿತ್ತು. ಆ ಹಾಳೆಯಲ್ಲಿ ಅದಕ್ಕೆ ಜಾಗವೂ ಇತ್ತು. ಅಲ್ಲಿ ಬರೆದದ್ದು ಇನ್ನೊಬ್ಬ ಬ್ಯಾಟಿಂಗ್ ಆಲ್‌ರೌಂಡರ್ ಹೆಸರನ್ನು.