ನೆತ್ತಿಯ ಮೇಲೆ ನಿಂತರಷ್ಟೇ ಲೆಕ್ಕ

ಹಂಪಿಯ ಬೋಲ್ಡರಿಂಗ್ ಸೀಸನ್ ಹತ್ತಿರ ಬಂತು. ಬೆಂಗಳೂರಿನ ಕ್ಲೈಂಬಿಂಗ್ ಜಿಮ್ಮೊಂದರಲ್ಲಿ ಮೊನ್ನೆ ಕಿವಿಗೆ ಬಿದ್ದ ಮಾತಿಗೆ ಮೊದಲು ಉತ್ತರ ಕೊಡಬೇಕು. ‘ಕಷ್ಟದ ಮೂವ್ ದಾಟಿ ಬಂಡೆಯ ಅಂಚು ಕೈಗೆ ಸಿಕ್ಕಿದರೆ ಪ್ರಾಬ್ಲಂ ಮುಗಿದ ಹಾಗೇ, ಅಲ್ಲಿಂದ ಜಿಗಿದುಬಿಡಬಹುದು’ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದರು. ಈ ಪಂಥದೊಂದಿಗೆ ನನ್ನ ಜಗಳ ಹಳೆಯದು.

ಜಿಮ್ಮಿನ ಗೋಡೆಯಲ್ಲಿ ಕೊನೆಯ ಹೋಲ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತರೆ ಆಯಿತು. ಬಹುಪಾಲು ಗೋಡೆಗಳಿಗೆ ಹತ್ತಿ ನಿಲ್ಲಲು ನೆತ್ತಿಯೇ ಇಲ್ಲ, ಆದ್ದರಿಂದ ಅಲ್ಲಿ ಆ ನಿಯಮ ಸರಿ. ಅದನ್ನು ಬಂಡೆಗೂ ತಂದು ಹಚ್ಚಿದರೆ ಪ್ರಾಬ್ಲಮ್ಮಿನ, ಅಂದರೆ ಹತ್ತುವ ದಾರಿಯ, ತಲೆಯನ್ನೇ ಕಡಿದಂತೆ.

ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ, ಕ್ಯಾಂಪ್ 4ರ ಮರಗಳ ನಡುವೆ ಕೊಲಂಬಿಯಾ ಬೋಲ್ಡರ್ ಇದೆ. ಅದರ ಮೇಲಿನ ‘ಮಿಡ್‌ನೈಟ್ ಲೈಟ್ನಿಂಗ್’ ಜಗತ್ತಿನ ಅತಿ ಪ್ರಸಿದ್ಧ ಪ್ರಾಬ್ಲಂ. ಆ ಗೆರೆ ಸಾಧ್ಯವೆಂದು ಮೊದಲು ಕಂಡದ್ದು ಜಾನ್ ಯಬ್ಲಾನ್ಸ್ಕಿಗೆ. 1978ರಲ್ಲಿ ಮೊದಲು ಹತ್ತಿದವರು ರಾನ್ ಕಾಕ್. ಜಾನ್ ಬಾಕರ್ ಚಾಕಿನಲ್ಲಿ ಬರೆದ ಮಿಂಚಿನ ಗುರುತು 2013ರಲ್ಲಿ ಅಳಿಸಿಹೋಯಿತು. ಬೇಗನೆ ಯಾರೋ ಮತ್ತೆ ಬರೆದರು. ಫೋಟೊಗಳಲ್ಲಿ ಕಾಣುವುದು ಆ ಗುರುತು, ಮಿಂಚಿನಾಕಾರದ ಹೋಲ್ಡಿಗೆ ಎಸೆದ ಕೈ, ಗಾಳಿಯಲ್ಲಿ ತೂಗುವ ಕಾಲು. ಅದರ ನಿಜವಾದ ಪರೀಕ್ಷೆ ಇರುವುದು ಅಂಚಿನಾಚೆಯ ಮ್ಯಾಂಟಲ್‌ನಲ್ಲಿ. ಅಲ್ಲಿಯವರೆಗೆ ಎಳೆದೆಳೆದು ಸೋತ ತೋಳು ಈಗ ಒತ್ತಬೇಕು, ಕೈಯಿರುವಲ್ಲಿಗೇ ಪಾದ ಬರಬೇಕು, ಕೈಗೆ ಏನೂ ಸಿಗದ ಕಲ್ಲಿನ ಮೇಲೆ ಮೈಭಾರ ಹಾಕಿ ಏಳಬೇಕು. ನೆಲ ದೂರವಾಗಿರುತ್ತದೆ. ಅಂಚು ಹಿಡಿದೂ ಅಲ್ಲಿಂದ ಬಿದ್ದವರಿಗೆ ಲೆಕ್ಕವಿಲ್ಲ. 1998ರಲ್ಲಿ ಲಿನ್ ಹಿಲ್ ಇದನ್ನು ಹತ್ತಿದ ಮೊದಲ ಮಹಿಳೆಯಾದರು. ವಿ8 ಎಂಬ ಅದರ ಕಾಠಿಣ್ಯದ ದರ್ಜೆ ಇವತ್ತಿನ ಹುಡುಗರಿಗೆ ದೊಡ್ಡದಲ್ಲ. ಆದರೂ ಜಿಮ್ಮಿನಲ್ಲಿ ಅದಕ್ಕಿಂತ ಕಠಿಣವಾದದ್ದನ್ನು ಹತ್ತಿದ ಬೆರಳುಗಳು ಆ ಅಂಚಿನ ಮೇಲೆ ಗಾಬರಿಯಾಗುವುದಕ್ಕೆ ಒಂದೇ ಕಾರಣ: ಒತ್ತುವುದನ್ನು ಅವಕ್ಕೆ ಯಾರೂ ಕಲಿಸಿಲ್ಲ.

ಎದುರು ವಾದ ಗೊತ್ತು: ಗೋಡೆಯ ಅಭ್ಯಾಸವೇ ಬಂಡೆಯನ್ನೂ ಹತ್ತಿಸುತ್ತದೆ. ಫಿನ್‌ಲ್ಯಾಂಡಿನ ಲಾಪ್‌ನೋರ್‌ನಲ್ಲಿ ನಾಲೆ ಹುಕ್ಕತೈವಲ್ 2016ರಲ್ಲಿ ಹತ್ತಿದ ‘ಬರ್ಡನ್ ಆಫ್ ಡ್ರೀಮ್ಸ್’ ಜಗತ್ತಿನ ಮೊದಲ 9ಎ ದರ್ಜೆಯ ಪ್ರಾಬ್ಲಂ. ಅದರ ಹೋಲ್ಡುಗಳ ಪ್ರತಿಕೃತಿಯ ಮೇಲೆ ಮನೆಯೂರಲ್ಲೇ ಅಭ್ಯಾಸ ಮಾಡಿದ ವಿಲ್ ಬೋಸಿ 2023ರಲ್ಲಿ ಎರಡನೆಯವರಾಗಿ ಹತ್ತಿದರು. ಗೋಡೆಯ ಅಭ್ಯಾಸಕ್ಕೆ ಬೆಲೆಯಿದೆ, ಒಪ್ಪಿದೆ. ಆದರೆ ಬೋಸಿ ಪ್ರತಿಕೃತಿ ಹತ್ತಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ; ಫಿನ್‌ಲ್ಯಾಂಡಿಗೆ ಹೋಗಿ ಬಂಡೆಯ ಮೇಲೆ ನಿಂತರು.

ನೆತ್ತಿಯ ಮೇಲೆ ನಿಲ್ಲಬೇಕೆಂಬ ಈ ಮಾತು ನಮ್ಮ ಹಂಪಿಗಂತೂ ಇನ್ನೂ ಹೆಚ್ಚು ಸಲ್ಲುತ್ತದೆ. ಯುಗಯುಗಗಳ ಬಿಸಿಲು ಮಳೆ ಅಲ್ಲಿನ ಗ್ರಾನೈಟಿನ ಮೂಲೆಗಳನ್ನೆಲ್ಲ ತಿಂದು ಉರುಟು ಮಾಡಿದೆ. ಚೂಪು ಅಂಚೆಂಬುದು ಅಪರೂಪ, ಅಂಗೈ ಊರಿ ಕಲ್ಲಿನ ಒರಟನ್ನೇ ನಂಬಬೇಕು. ಬಿಸಿಲೇರಿದರೆ ಅಂಗೈ ಬೆವರಿ ಆ ನಂಬಿಕೆಯೂ ಜಾರುತ್ತದೆ. ಕ್ರಿಸ್ ಶರ್ಮಾ 2003ರ ‘ಪಿಲ್ಗ್ರಿಮೇಜ್’ ಚಿತ್ರದಲ್ಲಿ ಹಂಪಿಯನ್ನು ಜಗತ್ತಿಗೆ ತೋರಿಸಿದ ಮೇಲೆ ಬಂದವರೆಲ್ಲ ಕಲಿತ ಮೊದಲ ಪಾಠ ಇದು. ನೆತ್ತಿ ಹತ್ತಿದವರಿಗೆ ಇನ್ನೊಂದು ಕೆಲಸವೂ ಉಂಟು, ಇಳಿಯುವುದು. ಆ ದಾರಿಯನ್ನು ಹತ್ತುವ ಮೊದಲೇ ಬಂಡೆಗೆ ಒಂದು ಸುತ್ತು ಹಾಕಿ ನೋಡಿಕೊಂಡಿರಬೇಕು.

ಈ ಚಳಿಗಾಲಕ್ಕೆ ಹೊರಟವರು ಸ್ಮಾರಕಗಳಿಂದ ದೂರದ, ಎದೆಯೆತ್ತರದ ಬಂಡೆ ಹುಡುಕಿ ಮೊದಲ ದಿನ ಪೂರ್ತಿ ಮ್ಯಾಂಟಲ್ ಮಾಡಿ. ಹೊರಡುವಾಗ ನಿಮ್ಮ ಚಾಕ್ ಗುರುತನ್ನು ಬ್ರಷ್‌ನಿಂದ ತೆಗೆಯಿರಿ. ಮೇಲೆ ನಿಂತಿಲ್ಲವೆಂದರೆ ಡೈರಿಯಲ್ಲಿ ಆ ಪ್ರಾಬ್ಲಮ್ಮಿನ ಮುಂದೆ ಟಿಕ್ ಹಾಕಬೇಡಿ.