ಸಾಕ್ಷಿಗೆ ಬಾರದ ಇನ್ಸ್‌ಪೆಕ್ಟರ್

ಅಪಘಾತದ ಕೇಸಿನಲ್ಲಿ ಶಿಕ್ಷೆಯಾದ ಚಾಲಕ ಅಪೀಲು ಹೋದರೆ ‘ಕರ್ನಾಟಕ ಸರ್ಕಾರ ವಿರುದ್ಧ ಸತೀಶ್’ ತೀರ್ಪಿನ ಹೆಸರು ಕೇಳಿಬರುವುದು ರೂಢಿ. ಸುಪ್ರೀಂ ಕೋರ್ಟಿನ 1998ರ ಈ ಪುಟ್ಟ ತೀರ್ಪು ವಕೀಲರಿಗೆ ಬಿಡುಗಡೆಯ ಮಂತ್ರ. ರಸ್ತೆ ಸುರಕ್ಷತೆಯ ಪರ ಬರೆಯುವವರಿಗೆ ತಪ್ಪಿತಸ್ಥ ನುಸುಳಿಹೋಗುವ ಕಿಂಡಿ. ಇಬ್ಬರೂ ಅದರ ಒಂದೇ ಮಾತಿಗೆ ಜೋತುಬಿದ್ದಿದ್ದಾರೆ.

ಆ ಮಾತು ಎಲ್ಲರಿಗೂ ಗೊತ್ತು: ಗಾಡಿ ‘ಅತಿವೇಗ’ದಲ್ಲಿತ್ತು ಎಂದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗದು. 1982ರ ನವೆಂಬರ್ 25ರಂದು ಸತೀಶ್ ಓಡಿಸುತ್ತಿದ್ದ ಲಾರಿ ಹಳ್ಳ ದಾಟುವಾಗ ಮಗುಚಿ 15 ಜನ ಸತ್ತಿದ್ದರು. ವಿಚಾರಣಾ ಕೋರ್ಟು ಶಿಕ್ಷೆ ಕೊಟ್ಟಿತು, ಅಪೀಲಿನಲ್ಲೂ ಅದು ಬಹುಪಾಲು ಉಳಿಯಿತು. ಹೈಕೋರ್ಟು ಬಿಡುಗಡೆ ಮಾಡಿತು, ಸರ್ಕಾರದ ಮೇಲ್ಮನವಿ ವಜಾ ಆಯಿತು. ಇಂದು ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗದ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ (ಜೆಎಂಎಫ್‌ಸಿ) ಕೋರ್ಟಿನಲ್ಲಿ ಶಿಕ್ಷೆಯಾದವನ ಹಾದಿಯೂ ಇದೇ: 30 ದಿನದೊಳಗೆ ರಾಯಚೂರು ಸೆಷನ್ಸ್‌ಗೆ ಅಪೀಲು, ಅಲ್ಲಿ ಸೋತರೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ರಿವಿಜನ್.

ತೀರ್ಪಿನ ಜೀವ ಇರುವುದು ಬೇರೊಂದು ಕಡೆ. ಲಾರಿಯನ್ನು ಪರೀಕ್ಷಿಸಿದ ಮೋಟಾರು ವಾಹನ ಇನ್ಸ್‌ಪೆಕ್ಟರ್ ವರದಿ ಕೊಟ್ಟಿದ್ದರು. ಆ ವರದಿ ಕಡತದಲ್ಲಿ ಇರಲಿಲ್ಲ, ಇನ್ಸ್‌ಪೆಕ್ಟರನ್ನು ಸಾಕ್ಷಿಯಾಗಿ ಕರೆಯಲೂ ಇಲ್ಲ. ಬ್ರೇಕು ಹಿಡಿಯಿತೋ, ಸ್ಟೀರಿಂಗ್ ಕೈಕೊಟ್ಟಿತೋ ಹೇಳಬಲ್ಲವರು ಅವರು. ಅವರನ್ನು ಬಿಟ್ಟು, ಕಣ್ಣಂದಾಜಿನ ‘ಜೋರು’ ಎಂಬ ಹೇಳಿಕೆಯನ್ನೇ ಎರಡು ಕೋರ್ಟುಗಳು ನಂಬಿದವು. ಅಪಘಾತವಾಗಿದೆ ಎಂಬುದೇ ತಪ್ಪಿಗೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು ಈ ಕೊರತೆಯನ್ನು ಕಂಡೇ. ತನಿಖೆಯವರು ಕೆಲಸ ಪೂರ್ತಿ ಮಾಡಲಿ ಎಂಬ ತಾಕೀತು ಅದು. ಆದರೂ ದೋಷಾರೋಪ ಪಟ್ಟಿಗಳಲ್ಲಿ ‘ಅತಿವೇಗ ಮತ್ತು ಅಲಕ್ಷ್ಯತನದಿಂದ’ ಎಂಬ ಅಚ್ಚಿನ ಸಾಲು ಇಂದಿಗೂ ಹಾಗೆಯೇ ಇದೆ.

ಕಿಂಡಿ ಎನ್ನುವವರು ದಲ್ಬೀರ್ ಸಿಂಗ್ ಪ್ರಕರಣವನ್ನು (2000) ಎದುರಿಗೆ ಇಡುತ್ತಾರೆ. ಸೈಕಲ್ ಸವಾರನ ಸಾವಿಗೆ ಕಾರಣನಾದ ಬಸ್ ಚಾಲಕನಿಗೆ ಪ್ರೊಬೇಷನ್ ಸಲ್ಲದು, ಚಾಲಕರಿಗೆ ಭಯ ಇರಬೇಕು ಎಂದಿತು ಆ ತೀರ್ಪು. ಇದು ತೀರಾ ಸಡಿಲ ವಾದ. ಅಲ್ಲಿನ ಪ್ರಶ್ನೆ ತಪ್ಪು ಸಾಬೀತಾದ ಮೇಲೆ ಎಷ್ಟು ಶಿಕ್ಷೆ ಎಂಬುದು; ಇಲ್ಲಿನದು ಸಾಬೀತಾಯಿತೇ ಎಂಬುದು. ಅದೇ 2000ದ ಮಹಮ್ಮದ್ ಐನುದ್ದೀನ್ ಪ್ರಕರಣದಲ್ಲಿ ಅದೇ ಕೋರ್ಟು, ಅಪಘಾತವಾದಾಗಲೆಲ್ಲ ಚಾಲಕನ ನಿರ್ಲಕ್ಷ್ಯವನ್ನು ಊಹಿಸಿಕೊಳ್ಳುವುದು ತಪ್ಪು ಎಂದಿತ್ತು. ದಲ್ಬೀರ್ ಸಿಂಗ್ ಎತ್ತಿಕೊಳ್ಳುವವರು ಇದನ್ನೇಕೆ ಬಿಡುತ್ತಾರೆ? ಭಯದ ಮಾತು ಸುಲಭ. ಮರಳಿನ ಟಿಪ್ಪರಿನ ಸಂಬಳದ ಚಾಲಕ ಜೈಲಿಗೆ ಹೋದರೆ, ಸವೆದ ಟೈರಿನಲ್ಲೇ ಗಾಡಿ ಓಡಿಸಲು ಹೇಳಿದ ಮಾಲೀಕನಿಗೆ ಯಾವ ಭಯ?

ತೀರ್ಪಿನಲ್ಲಿ ಕೊರತೆ ಇಲ್ಲವೆಂದಲ್ಲ. ಅಗತ್ಯ ಸಾಕ್ಷಿಯನ್ನು ಕೋರ್ಟೇ ಕರೆಸುವ ಅಧಿಕಾರ ದಂಡ ಪ್ರಕ್ರಿಯಾ ಸಂಹಿತೆಯ 311ನೇ ಕಲಮಿನಲ್ಲಿತ್ತು. ಮ್ಯಾಜಿಸ್ಟ್ರೇಟರು ಅದನ್ನೇಕೆ ಬಳಸಲಿಲ್ಲ ಎಂದು ತೀರ್ಪು ಕೇಳುವುದಿಲ್ಲ. 15 ಮನೆಗಳವರಿಗೆ ಲಾರಿ ಮಗುಚಿದ್ದೇಕೆ ಎಂದು ಯಾರೂ ಹೇಳದೆಯೇ ಕಡತ ಮುಚ್ಚಿತು. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ಮೌನ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ನಿರ್ಲಕ್ಷ್ಯದ ಸಾವಿಗೆ ಗರಿಷ್ಠ ಶಿಕ್ಷೆಯನ್ನು 2 ವರ್ಷದಿಂದ 5ಕ್ಕೆ ಏರಿಸಿದೆ. ಶಿಕ್ಷೆ ಹೆಚ್ಚಿದಷ್ಟೂ ಪುರಾವೆಯೂ ಗಟ್ಟಿಯಿರಬೇಕು. ಸತೀಶ್ ತೀರ್ಪನ್ನು ಪೂರ್ತಿ ಓದಿದ ವಕೀಲ, ರಾಯಚೂರಿಗೆ ಅಪೀಲು ಬರೆಯುವ ಮೊದಲು, ಮಾನ್ವಿಯಲ್ಲಿ ವಿಚಾರಣೆ ನಡೆಯುವಾಗಲೇ ಇನ್ಸ್‌ಪೆಕ್ಟರ್ ವರದಿ ಎಲ್ಲಿ ಎಂದು ಕೇಳುತ್ತಾನೆ.