ವಚನಗಳಲ್ಲಿ ಅಂಕಿತನಾಮ

ಮಲಪ್ರಭೆಯು ನರಗುಂದ ಸೀಮೆಯ ಕೊಣ್ಣೂರಿನ ಬಳಿ ಹರಿದು, ರೋಣ ಸೀಮೆಯ ಹೊಳೆಆಲೂರನ್ನು ಹಾಯ್ದು, ಮುಂದೆ ಕೃಷ್ಣೆಯನ್ನು ಕೂಡುವ ಸ್ಥಳಕ್ಕೆ ಕೂಡಲಸಂಗಮವೆಂದು ಹೆಸರು. ಅಲ್ಲಿಯ ದೇವನ ಹೆಸರಿನಿಂದ ಬಸವಣ್ಣನವರು ತಮ್ಮ ವಚನಗಳನ್ನು ಮುಗಿಸಿದರೆಂಬದು ಎಲ್ಲರಿಗೂ ತಿಳಿದ ಮಾತು. ತಿಳಿದುದಾದ್ದರಿಂದಲೇ ಅದನ್ನು ಕುರಿತು ವಿಚಾರಿಸುವವರು ವಿರಳ. ರೋಣ, ನರಗುಂದ, ಗಜೇಂದ್ರಗಡಗಳ ಮನೆಗಳಲ್ಲಿ ಪೂಜೆಯ ಹೊತ್ತಿಗೆ ವಚನ ಹೇಳುವ ರೂಢಿಯುಂಟು. ಆದರೆ ಒಂದೊಂದು ಶಬ್ದವನ್ನೂ ತೂಗಿ ಉಚ್ಚರಿಸಿದ ನಾಲಗೆಯೇ ಕೊನೆಯ ಹೆಸರಿಗೆ ಬಂದೊಡನೆ ಅವಸರಪಡುವದುಂಟು. ಪತ್ರದ ಕೆಳಗಿನ ಸಹಿಯನ್ನು ಯಾರೂ ಗಟ್ಟಿಯಾಗಿ ಓದುವದಿಲ್ಲವಷ್ಟೆ!

ಅಂಕಿತವನ್ನು ಸಹಿಯೆಂದು ಎಣಿಸುವದೇ ಮೊದಲನೆಯ ತಪ್ಪು. ಅಂಬಿಗರ ಚೌಡಯ್ಯನಂಥವರು ತಮ್ಮ ಹೆಸರನ್ನೇ ಆ ಸ್ಥಾನದಲ್ಲಿ ಇಟ್ಟಿರುವರು, ನಿಜ. ಆದರೆ ಬಹುಪಾಲು ವಚನಗಳಲ್ಲಿ ಅದು ಸಂಬೋಧನೆ. ಅಲ್ಲಿಯವರೆಗೆ ಆಡಿದ ಮಾತೆಲ್ಲ ಯಾರ ಮುಂದೆ ಆಡಿದ್ದೆಂಬದು ಆ ಹೆಸರು ಬಂದಾಗಲೇ ಗೊತ್ತಾಗುವದು. ದಿನದರ್ಶಿಕೆಗಳಲ್ಲಿಯೂ ಶಾಲೆಯ ಗೋಡೆಗಳ ಮೇಲೂ ಅಂಕಿತವನ್ನು ಕಡಿದು ಬರೆದ ವಚನಗಳನ್ನು ಕಂಡವರು ಈ ಭೇದವನ್ನು ಮನಗಾಣಬಹುದು: ದೇವರೊಡನೆ ಆಡಿದ ಮೊರೆ, ಜಗಳ, ನಾಚಿಕೆ ಎಲ್ಲವೂ ನೆರೆಯವನಿಗೆ ಹೇಳಿದ ಬುದ್ಧಿವಾದವಾಗಿ ಉಳಿಯುತ್ತದೆ. ಯೆಹೂದ್ಯರು ತಮ್ಮ ದೇವರ ನಾಲ್ಕಕ್ಷರದ ನಾಮವನ್ನು ಪವಿತ್ರವೆಂದೇ ಉಚ್ಚರಿಸದೆ, ಓದುವಾಗ ಅದರ ಬದಲು 'ಒಡೆಯ' ಎಂಬರ್ಥದ ಬೇರೆ ಶಬ್ದವನ್ನು ನುಡಿಯುವರು. ವಚನಕಾರರ ಮಡಿ ಇನ್ನೊಂದು ಬಗೆಯದು. ಹೆಸರನ್ನು ನುಡಿಯಬೇಕು, ಆದರೆ ಅದಕ್ಕೆ ತಕ್ಕ ಮಾತು ಮೊದಲು ಪೂರ್ತಿಯಾಗಬೇಕು.

ಇಲ್ಲಿ ಒಂದು ವಿರೋಧವು ತೋರುತ್ತದೆ. ಸ್ಥಾವರಕ್ಕಿಂತ ಜಂಗಮವೇ ಮೇಲೆಂದು ಸಾರಿದವರು ಒಂದು ಸ್ಥಾವರಕ್ಷೇತ್ರದ ದೇವರ ಹೆಸರನ್ನು ಕಡೆಯವರೆಗೂ ಬಿಡಲಿಲ್ಲವೇಕೆ? ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನಿಗೂ ಶ್ರೀಶೈಲವೇ ನೆಲೆಯಲ್ಲವೆ? ಉತ್ತರವನ್ನು ಗಜೇಂದ್ರಗಡದ ಸುತ್ತಿನ ಬೀದಿಗಳಲ್ಲಿ ಕೇಳಬಹುದಾಗಿದೆ. ಗುಡ್ಡದ ಮೇಲಿನ ಕಾಲಕಾಲೇಶ್ವರನು ಅಲ್ಲಿ ಕಳಕಪ್ಪನಾಗಿ ಮನೆಮನೆಯಲ್ಲಿರುವನು. ತಾಯಂದಿರು ಆ ಹೆಸರನ್ನು ಕೂಗಿ ಊಟಕ್ಕೆ ಕರೆಯುವರು, ಸಿಟ್ಟು ಬಂದಾಗ ಬಯ್ಯಲೂ ಬಯ್ಯುವರು. ಗುಡಿಯು ಕದಲದಿದ್ದರೂ ಹೆಸರು ನಡೆದಾಡುತ್ತದೆ. ಬಸವಣ್ಣನವರ ಬಾಯಲ್ಲಿ ಸಂಗಮದೇವನ ಹೆಸರೇ ಜಂಗಮವಾಯಿತು. ಕಲ್ಯಾಣದಲ್ಲಿ ನುಡಿದಾಗಲೂ ಅದರೊಳಗೆ ಎರಡು ಹೊಳೆಗಳು ಕೂಡುವ ಸಪ್ಪಳವು ಉಳಿದಿತ್ತು.

ಈ ದೃಷ್ಟಿಯಿಂದಲೇ 'ವಚನದೀಪ್ತಿ'ಯ ಪ್ರಕರಣವನ್ನು ನೋಡತಕ್ಕದ್ದು. ಮಾತೆ ಮಹಾದೇವಿಯವರು ಆ ಸಂಕಲನದಲ್ಲಿ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂಬ ಹೆಸರನ್ನಿಟ್ಟರು. ೧೯೯೮ರಲ್ಲಿ ಸರಕಾರವು ಗ್ರಂಥವನ್ನು ನಿಷೇಧಿಸಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಷೇಧವನ್ನು ಎತ್ತಿಹಿಡಿಯಿತು. ನಿಷೇಧವು ಸಾಹಿತ್ಯದ ಪ್ರಶ್ನೆಗೆ ಉತ್ತರವಾಗಲಾರದು. ಪುಸ್ತಕವನ್ನು ಕಟ್ಟಿಡುವದರಿಂದ ಹೆಸರಿನ ಮಹಿಮೆಯು ಹೆಚ್ಚುವದೂ ಇಲ್ಲ. ನಿರಾಕಾರನಾದ ದೇವನನ್ನು ಒಂದು ಊರಿಗೆ ಕಟ್ಟಿಹಾಕಬಾರದೆಂಬ ವಾದವನ್ನು ಹಗುರಾಗಿ ತಳ್ಳುವಂತೆಯೂ ಇಲ್ಲ. ಆದರೂ ಆ ಬದಲಾವಣೆಯು ವಿಮರ್ಶೆಯ ಒರೆಗಲ್ಲಿಗೆ ನಿಲ್ಲಲಾರದು. ಎಂಟಕ್ಷರದ ಜಾಗದಲ್ಲಿ ನಾಲ್ಕಕ್ಷರ ಬಂದಾಗ ಮಾತಿನ ಇಳಿತವು ಮೊಟಕಾಗುತ್ತದೆ; ಕೂಡುವಿಕೆಯ ಅರ್ಥವಂತೂ ಇಲ್ಲವೇ ಆಗುತ್ತದೆ. ಒಬ್ಬ ಭಕ್ತನು ಕರೆದ ಹೆಸರನ್ನು ಇನ್ನೊಬ್ಬರು ತಿದ್ದುವದೆಂದರೆ ಅವನ ಕರೆಯನ್ನು ನಡುವೆಯೇ ತಡೆದಂತೆ.

ನೆರೆಯ ಲಕ್ಕುಂಡಿಯ ಮುಕ್ತಾಯಕ್ಕನ ವಚನಗಳು ಇದಕ್ಕಿಂತಲೂ ಸೂಕ್ಷ್ಮವಾದ ಪ್ರಶ್ನೆಯನ್ನು ಎತ್ತುತ್ತವೆ. ಅವಳ ಅಣ್ಣ ಅಜಗಣ್ಣನು ಗುಪ್ತಭಕ್ತ. ತನ್ನ ಭಕ್ತಿಯು ಯಾರ ಕಣ್ಣಿಗೂ ಬೀಳದಿರಲೆಂದು ಲಿಂಗವನ್ನು ಬಾಯೊಳಗೇ ಇಟ್ಟುಕೊಂಡಿದ್ದನೆಂದು ಐತಿಹ್ಯ. ಲಿಂಗವಿದ್ದ ಬಾಯಿ ಲಿಂಗದ ಹೆಸರನ್ನು ಹೇಗೆ ನುಡಿದೀತು? ಅಂಥ ಅಣ್ಣನು ತೀರಿಕೊಂಡ ಮೇಲೆ ತಂಗಿಯು ವಚನ ನುಡಿದಳು, ಮತ್ತು ದೇವರ ಹೆಸರು ಬರತಕ್ಕ ಸ್ಥಾನದಲ್ಲಿ ಅಜಗಣ್ಣ ತಂದೆಯೆಂದು ಅವನ ಹೆಸರನ್ನೇ ಇಟ್ಟಳು. ಇದನ್ನು ಬರಿಯ ಭ್ರಾತೃಪ್ರೇಮವೆಂದು ಓದುವವರಿದ್ದಾರೆ. ದೇವರ ಹೆಸರಿಗೆ ಇದು ಅಪಚಾರವಲ್ಲವೆ ಎಂದು ಕೇಳುವವರೂ ಇರಬಹುದು. ಅಷ್ಟು ಸುಲಭವಾಗಿ ತೀರ್ಮಾನಿಸಲಾಗದು. ಮೌನದಿಂದಲೇ ನಾಮವನ್ನು ಕಾದವನ ಗುಟ್ಟನ್ನು ತಾನು ಒಡೆಯಬಾರದೆಂಬ ಸಂಕೋಚವು ಆ ಅಂಕಿತದಲ್ಲಿದೆ. ಅವನು ಬಾಯಲ್ಲಿಟ್ಟುಕೊಂಡಿದ್ದ ಲಿಂಗವನ್ನು ಅವಳು ಅವನ ಹೆಸರಿನೊಳಗೆ ಬಚ್ಚಿಟ್ಟಳು.

ಶೋಕದಲ್ಲಿದ್ದ ಅವಳನ್ನು ಅಲ್ಲಮಪ್ರಭು ಕಂಡು ನಡೆಸಿದ ಸಂವಾದವು ಶೂನ್ಯಸಂಪಾದನೆಯಲ್ಲಿ ಒಂದು ಉಪದೇಶವಾಗಿಯೇ ಸೇರಿದೆ. ಅದನ್ನು ಗಟ್ಟಿಯಾಗಿ ಓದಿಸಿ ಕೇಳಬೇಕು. ಒಂದು ಮಾತು ಗುಹೇಶ್ವರನಲ್ಲಿ ನಿಲ್ಲುತ್ತದೆ, ಮರುಮಾತು ಅಜಗಣ್ಣನಲ್ಲಿ. ಅಲ್ಲಮನ ತರ್ಕವು ಎಷ್ಟೇ ಮೇಲೇರಿದರೂ ಅವಳ ವಚನಗಳು ಕೊನೆಯವರೆಗೂ ಆ ಹೆಸರಿನಲ್ಲಿಯೇ ಮುಗಿಯುತ್ತವೆ.